ಕ್ಲಚ್ಚಿಲ್ಲದ ಕಾರು

ಗೇರ್ ಬಾಕ್ಸಿನ ಎಣ್ಣೆ ಕೆಂಪಗೇ ಇದೆ, ಸುಟ್ಟ ವಾಸನೆ ಒಂದಿಷ್ಟೂ ಇಲ್ಲ, ಧರ್ಣಪ್ಪ ಬೆರಳಿಗೆ ಹಚ್ಚಿ ಇನ್ನೊಮ್ಮೆ ಮೂಸುತ್ತಾನೆ, ಸುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು — ಬ್ಯಾಟರಿ ಬದಲಿಸಿದ ಮೇಲೆ ಸರಿಯಾಗಿ ಓಡ್ತಾ ಉಂಟು, ಸುಮ್ಮನೆ ಯಾಕೆ ಬಿಚ್ಚುವುದು ಎಂದಿದ್ದ ಕಾರಿನ ಯಜಮಾನ ರುಕ್ಮಯ್ಯ, ಬಿಚ್ಚಲೇಬೇಕು ಎಂದು ಹಟ ಹಿಡಿದು ಲಾಯಿಲದ ತನ್ನ ಗ್ಯಾರೇಜಿಗೆ ತರಿಸಿಕೊಂಡವನು ಇವನೇ, ಎಂಬತ್ಮೂರರಲ್ಲಿ ರುಕ್ಮಯ್ಯನ ಭಾವ ದುಬಾಯಿಯಿಂದ ಹಡಗಿನಲ್ಲಿ ಕಳಿಸಿದ್ದ ಕಾರು, ಕ್ಲಚ್ಚೇ ಇಲ್ಲದ್ದು, ಗೇರನ್ನು ತಾನೇ ಹಾಕಿಕೊಳ್ಳುವಂಥದ್ದು, ಇಪ್ಪತ್ತು ವರ್ಷ ಅಂಬಾಸಿಡರ್ ಬಿಚ್ಚಿದವನಿಗೆ ಇದೇನು ಮಹಾ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದನಲ್ಲ, ಬಾಯಿಗೆ ಮಣ್ಣು ಹಾಕ. ಕೆಳಗಿಳಿಸಿದ ಗೇರ್ ಬಾಕ್ಸಿನಿಂದ ಎಣ್ಣೆತಟ್ಟೆ ಕಳಚಿತು, ಕವಾಟಗಳು ಬಂದವು, ಬಿಚ್ಚಿದ ಒಂದೊಂದನ್ನೂ ಸಾಲು ತಪ್ಪದೆ ಅಡಿಕೆ ಹಾಳೆಯ ಮೇಲಿಡುತ್ತಾನೆ, ಎಡದಿಂದ ಬಲಕ್ಕೆ, ಕೂಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು, ಎಲ್ಲವೂ ಮೊದಲಿನಂತೆ, ಆ ಬೆಳಿಗ್ಗೆಯನ್ನೂ ಹಾಗೆ ಬಲದಿಂದ ಎಡಕ್ಕೆ — ಥೂ, ಎಂಥ ಯೋಚನೆ.

ಆ ಬೆಳಿಗ್ಗೆ ಚಾರ್ಮಾಡಿಯ ಮನೆಯಲ್ಲಿ ಧರ್ಣಪ್ಪನ ಹೆಂಡತಿ ಅಮ್ಮಣಿಗೆ ಹೆರಿಗೆ ನೋವು ಶುರುವಾದಾಗ ರುಕ್ಮಯ್ಯ ಕಾರು ತಂದ, ಎರಡು ಮೈಲಿಗೇ ನಿಂತಿತು, ಬ್ಯಾಟರಿ ಸತ್ತಿತ್ತು, ಅಷ್ಟೇ ತಾನೆ, ತಳ್ಳುವ ಎಂದವನು ಧರ್ಣಪ್ಪ, ತಳ್ಳಿ ಎಬ್ಬಿಸದ ಗಾಡಿ ಯಾವುದಿತ್ತು ಅವನಿಗೆ, ದಾರಿಹೋಕರೆಲ್ಲ ಹೆಗಲು ಕೊಟ್ಟರು, ಆಗ ಬೆಳ್ತಂಗಡಿಯ ಬಸ್ಸು ತಾನಾಗಿಯೇ ನಿಂತದ್ದು, ಬಸುರಿ ಇದ್ದಾರಲ್ಲ ಮಾರಾಯ, ಹತ್ತಿಸುವ, ಸೀಟು ಬಿಡಿಸಿ ಕೊಡ್ತೇನೆ ಎಂದ ಕಂಡಕ್ಟರ್, ಅಮ್ಮಣಿ ಬಾಗಿಲು ತೆಗೆದು ಒಂದು ಕಾಲು ರಸ್ತೆಗಿಟ್ಟಳು, ನೀವು ಹೋಗಿ, ಇನ್ನೊಂದು ಸಲ ತಳ್ಳಿದರೆ ಸ್ಟಾರ್ಟ್ ಆಗ್ತದೆ ಎಂದು ಬಸ್ಸಿನವನಿಗೆ ಹೇಳಿದವನೂ ಧರ್ಣಪ್ಪನೇ. ಬಸ್ಸು ಹೋಯಿತು. ಮುಕ್ಕಾಲು ಗಂಟೆ ತಳ್ಳಿದರು, ಆಮೇಲೆ ಸಿಕ್ಕಿದ ಜೀಪು ಆಸ್ಪತ್ರೆ ಮುಟ್ಟುವಾಗ ರಕ್ತ ಹೋಗಿ ಹೋಗಿ ಅವಳು ತಣ್ಣಗಾಗಿದ್ದಳು, ಮಗುವೂ. ಗೇರ್ ಬಾಕ್ಸಿನಲ್ಲಿ ಏನೋ ಕೆಟ್ಟಿತ್ತು, ಅದಕ್ಕೇ ಏಳಲಿಲ್ಲ, ಎರಡು ತಿಂಗಳಿಂದ ಇದೊಂದನ್ನೇ ಹಿಡಿದುಕೊಂಡು ಉಂಡಿದ್ದಾನೆ, ಮಲಗಿದ್ದಾನೆ, ಕೆಟ್ಟ ಭಾಗವೊಂದು ಕೈಗೆ ಸಿಗಲಿ ದೇವರೇ, ಸಣ್ಣದಾದರೂ ಸಾಕು.

ಕೊನೆಗೆ ಎಣ್ಣೆಯ ಪಂಪ್ ಹೊರಬರುತ್ತದೆ, ಹಲ್ಲು ಒಂದೂ ಮುರಿದಿಲ್ಲ, ತಿರುಗಿಸಿ ನೋಡುತ್ತಾನೆ, ಇದನ್ನು ತಿರುಗಿಸುವುದು ಇಂಜಿನ್ ಒಂದೇ, ಇದು ತಿರುಗಿದರೆ ಎಣ್ಣೆಗೆ ಒತ್ತಡ, ಒತ್ತಡ ಬಂದರೆ ಮಾತ್ರ ಗೇರ್ ಹಿಡಿಯುವುದು — ತಳ್ಳಿದ ಬಲ ಚಕ್ರದಿಂದ ಇಂಜಿನ್ನಿಗೆ ಹೋಗುವ ದಾರಿಯೇ ಇಲ್ಲ, ಮಂಗಳೂರಿನವರೆಗೆ ತಳ್ಳಿದ್ದರೂ ಅದು ಏಳುತ್ತಿರಲಿಲ್ಲ, ಯಾವುದೂ ಕೆಟ್ಟಿರಲಿಲ್ಲ. ಬಾಗಿಲಲ್ಲಿ ರುಕ್ಮಯ್ಯ, ಏನಾದರೂ ಸಿಕ್ಕಿತಾ ಧರ್ಣಪ್ಪ, ಸಿಕ್ಕಿತು ಎನ್ನಬೇಕು, ಪಂಪನ್ನು ಹಾಳೆಯ ಮೇಲೆ ಸಾಲಿನ ಕೊನೆಗಿಡುತ್ತಾನೆ, ಅಮ್ಮಣಿಯ ಆ ಕಾಲು, ಬೆರಳುಗಳು ಊದಿಕೊಂಡಿದ್ದವು, ಬಸ್ಸಿನ ಕಡೆಗೇ ಇಟ್ಟಿದ್ದಳು, ಗಂಡ ಹೇಳಿದನೆಂದು ಮೆಲ್ಲಗೆ ಒಳಗೆಳೆದುಕೊಂಡ ಆ ಕಾಲು, ಆ ಕಾಲು —