ಮುದಗಲ್ಲಿನ ಹುಲಿಯ ಬೆನ್ನು

ಗಾಳಿ ಬೀಸಿ ಬೇವಿನ ನೆರಳು ಅತ್ತಿತ್ತ ಸರಿದಾಗ, ಎರಡು ಮರಗಳ ನಡುವೆ ಕಟ್ಟಿದ ಮಾದರಪಾಟು ಬಟ್ಟೆ ಉಬ್ಬಿತು, ಅದರ ಮೇಲೆ ಬರೆದ ಹಳದಿ ಬೆನ್ನು ಉಸಿರೆಳೆದುಕೊಂಡಂತಾಯಿತು, ಹೌದು ಹೀಗೇ, ಹುಲಿವೇಷದ ಬಣ್ಣ ಹಚ್ಚುವಾಗ ಗೆಳೆಯ ಅಲ್ಲಾಬಕ್ಷನ ಬೆನ್ನು ಹೀಗೇ ಏಳುತ್ತಿತ್ತು, ಕಪ್ಪು ಪಟ್ಟೆ ಎಳೆಯಬೇಕೆಂದರೆ ಅವನು ಉಸಿರು ಬಿಡುವ ತನಕ ಕಾಯಬೇಕು, ಆಮೇಲೆ ಒಂದೇ ಏಟಿಗೆ ನಡುಬೆನ್ನಿನಿಂದ ಪಕ್ಕೆಗೆ — ಪಂಪಣ್ಣ ಬೀಡಿ ಹಚ್ಚಿಕೊಂಡ. ಲಿಂಗಸುಗೂರಿನ ಶಾಲೆಯ ಬಯಲಲ್ಲಿ, ಹೊಸ ರಾಜ್ಯ ಹುಟ್ಟಿದ ಖುಷಿಗೆ, ಚಿತ್ರಗಳ ಸಂತೆ, ಒಬ್ಬರದು ಗಾಜು ಹಾಕಿದ ದೇವರು, ಇನ್ನೊಬ್ಬರದು ಗುಡ್ಡ ಹೊಳೆ ಮುಳುಗುವ ಸೂರ್ಯ, ಇವನದೊಂದು ಬೆನ್ನು. ಹತ್ತಿ ವ್ಯಾಪಾರದ ಬಸವಂತರಾಯರು ಆಗಲೇ ಬಂದು ನೋಡಿ ಹೋಗಿದ್ದಾರೆ, ಏನೋ ಪಂಪಣ್ಣ, ನಿನ್ನ ಹುಲಿ ಯಾಕ ಆ ಕಡೆ ಹೊಳ್ಳಿ ನಿಂತೈತಿ, ಹೆಂಡ್ತಿ ಬೈದಾಳೇನು, ಇರ್ಲಿ, ನಮ್ಮ ಅಂಗಡ್ಯಾಗ ಹಾಕ್ತೀನಿ, ಸಂಜಿಗೆ ಇಳಿಸಿ ಕೊಡು, ಹೂಂನ್ರಿ ಅಂದಿದ್ದಾನೆ ಇವನು, ಮಾರಿದ ಮೊದಲ ಚಿತ್ರ, ಇಷ್ಟು ವರ್ಷ ಬರೆದದ್ದೆಲ್ಲ ಮೊಹರಮ್ಮಿನ ಹುಲಿವೇಷದವರ ಮೈಮೇಲೆ, ಹಬ್ಬ ಮುಗಿದ ಮರುದಿನ ಸೀಮೆಎಣ್ಣೆ ಹಚ್ಚಿ ತಿಕ್ಕಿದರೆ ಹಳ್ಳದ ನೀರು ಹಳದಿಯಾಗಿ ಹರಿದುಹೋಗುತ್ತಿತ್ತು, ಅಲ್ಲಾಬಕ್ಷನ ಬೆನ್ನು ತಿಕ್ಕುವವನೂ ಇವನೇ, ಎಡ ಹೆಗಲ ಕೆಳಗೆ ಬಣ್ಣ ಹಿಡಿಯದ ಸುಟ್ಟ ಕಲೆ, ಮುದಗಲ್ ಕೋಟೆಯ ಗೋಡೆ ಹತ್ತುವಾಗ ಮುಂದೆ ಅದೇ ಬೆನ್ನು, ಬಾಡಿಗೆ ಸೈಕಲ್ಲಿನಲ್ಲಿ ಮಸ್ಕಿಗೆ ಕುಸ್ತಿ ನೋಡಲು ಹೊರಟರೆ ಹಿಂದೆ ಕೂತ ಇವನ ಮೂಗಿಗೆ ಅದೇ ಬೆನ್ನಿನ ಬೆವರು, ಜೋರ ತುಳಿಯಲೇ ಬಕ್ಷ್ಯಾ, ನಡಕೋತ ಹೋದ್ರೂ ಜಲ್ದಿ ಮುಟ್ತಿದ್ವಿ — ಹಂಗಾರ ಇಳಿದು ದಬ್ಬಲೇ — ಆ ನಗುವೂ ಬೆನ್ನಿನಲ್ಲೇ ಕುಣಿಯುತ್ತಿತ್ತು, ಅಂಗಿಯ ಕೆಳಗೆ, ಕಲೆಯ ಆಚೀಚೆ.

ಚಿತ್ರದಲ್ಲಿನ ಆ ಕಲೆಯ ಮೇಲೆ ಈಗ ಒಂದು ಬೆರಳು. ಮಾಸುಂಬಿಯದು, ಅಲ್ಲಾಬಕ್ಷನ ಹೆಂಡತಿ, ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಅವನು ಊರು ಬಿಟ್ಟು ಹೋದವನು ಬರಲಿಲ್ಲ, ಎಂಟು ವರ್ಷ ಮಂದಿಯ ಬಟ್ಟೆ ಹೊಲಿದು ಬದುಕಿದವಳು, ಮುದಗಲ್ ಬಸ್ಸಿಳಿದು ನೇರ ಇಲ್ಲಿಗೇ ಬಂದಿದ್ದಾಳೆ. ನಮ್ಮವರದ ಇದು, ಅಂದಳು. ಹೌದವ್ವ, ಅಂದ ಪಂಪಣ್ಣ, ಸಾಹುಕಾರ್ರು ಕೇಳ್ಯಾರ, ನಿನಗ ಬೇಕಂದ್ರ ಅವರಿಗೆ ಕೊಡಂಗಿಲ್ಲ, ನೀ ಒಯ್ಯಿ. ನಾ ಒಯ್ದು ಏನ್ ಮಾಡ್ಲಿ ಪಂಪಣ್ಣಾ, ಅಂವ ಹೋಗುವಾಗ ಕಡೀಕ ನೋಡಿದ್ದು ಈ ಬೆನ್ನನ್ನ, ದಿನಾ ಗ್ವಾಡಿ ಮ್ಯಾಲ ಅಂವ ಹೋಗೂದ ನೋಡ್ಕೋತ ಕೂಡ್ಲೇನು, ಮಾರು ಇದನ್ನ, ನನಗ ಮುಖ ಬರದು ಕೊಡು. ಒಂದು ಫೋಟೋ ಇಲ್ಲ ಮನ್ಯಾಗ, ಅಬ್ಬಾ ಹ್ಯಾಂಗಿದ್ದ ಅಂತ ಮಗಳು ಕೇಳ್ತಾಳ, ಹೇಳಿ ಹೇಳಿ ನನಗ ಮಸುಕಾಗಾಕತ್ತೈತಿ, ನೀ ದೋಸ್ತ, ನಿನ್ನ ಕೈಗೆ ಗೊತ್ತಿರತೈತಿ.

ಅವಳು ಬೇವಿನ ಬುಡಕ್ಕೆ ಕೂತಳು, ಅವಸರವಿಲ್ಲದವಳಂತೆ, ಇವನು ಕಾಗದ ಹಾಸಿ ಇದ್ದಿಲು ಹಿಡಿದ. ಕಿವಿಗಳು ಬಂದವು, ಎರಡೂ, ಹಿಂದಿನಿಂದ ಕಂಡ ಕಿವಿಗಳು, ಕುತ್ತಿಗೆಯ ಕುಳಿ ಬಂತು, ಅದು ಮುಖಕ್ಕೆ ಬೇಡ, ಒರೆಸಿದ, ಮೀಸೆ ಇತ್ತೇ — ಹಬ್ಬಕ್ಕೆ ಬೋಳಿಸುತ್ತಿದ್ದ, ಹಾಗಾದರೆ ಇತ್ತು — ಮೂಗು ಬರೆದ, ಬಸವಂತರಾಯರ ಮೂಗಾಯಿತು, ಅದನ್ನೂ ಒರೆಸಿದ. ಹುಲಿಯ ಮುಖ ಬರೆಯುವುದು ಉಸ್ತಾದ್ ಅಮೀನ್‌ಸಾಬರ ಪಾಲು, ಬೆನ್ನು ಶಿಷ್ಯನ ಪಾಲು, ಅದೇ ಪದ್ಧತಿ, ಉಸ್ತಾದರಿದ್ದಿದ್ದರೆ ಕೇಳಬಹುದಿತ್ತು, ಅವರೂ ಮಣ್ಣಾದರು, ಕಣ್ಣು ಹೇಗಿದ್ದವು, ಬಾಯಿ, ದಿನವೂ ನೋಡಿದ ಬಾಯಿ, ಒಂದೇ ಎಲೆಯಲ್ಲಿ ಉಂಡ ಬಾಯಿ, ಬರೀ ಮಾತು ಕೇಳುತ್ತದೆ, ಬಾಯಿ ಕಾಣುವುದಿಲ್ಲ. ಆತೇನು ಪಂಪಣ್ಣಾ, ಅಂದಳು ಮಾಸುಂಬಿ. ಆಗಾಕತ್ತೈತವ್ವ, ಅಂದ, ಕಣ್ಣು ಮುಚ್ಚಿದ, ಬಕ್ಷ್ಯಾ, ಹೊಳ್ಳಲೇ, ಒಂದ್ಸಲ ಈ ಕಡೆ ಹೊಳ್ಳು — ಉಸ್ತಾದರ ಅಂಗಳದಲ್ಲಿ ಗೋಡೆಗೆ ಕೈಯೂರಿ ನಿಂತವನು ಏನೋ ಹೇಳಲು ತಿರುಗುತ್ತಾನೆ, ಪ್ರತಿ ವರ್ಷವೂ ತಿರುಗುತ್ತಿದ್ದ, ಕೆನ್ನೆಯ ಅಂಚು ಕಾಣುವಷ್ಟರಲ್ಲಿ ಇವನೇ ತಲೆ ಹಿಡಿದು ಗೋಡೆಗೆ ದಬ್ಬುತ್ತಿದ್ದ, ಹೊಳ್ಳಬ್ಯಾಡಲೇ, ಬಣ್ಣ ಹಸಿ ಐತಿ — ಅವನು ಹೊಳ್ಳುವುದಿಲ್ಲ, ಹೇಳಿದ ಮಾತು ಕೇಳಿಕೊಂಡು ನಿಂತಿದ್ದಾನೆ, ಗೋಡೆಗೆ ಎರಡೂ ಅಂಗೈ, ಹಳದಿ ಬೆನ್ನು, ಹಸಿ, ಹಳದಿ ಬೆನ್ನು