ಹಾಡು ಮುಗಿಯುವ ಮುನ್ನ

ಆ ಮೈದಾನ ನೆನಪಾದರೆ ಮೊದಲು ಕಣ್ಣಿಗೆ ಕಟ್ಟುವುದು ಸುಣ್ಣದ ಗೆರೆ. ಪಂದ್ಯದ ದಿನ ಬೆಳಗ್ಗೆ ಕಿರಿಯ ಕೆಡೆಟ್‌ಗಳು ಮೊಣಕಾಲೂರಿ ಎಳೆದ, ಹಸಿ ಆರದ, ಕಣ್ಣು ಕುಕ್ಕುವ ಬಿಳಿ ಗೆರೆ. ಅದರ ಮೇಲೆ ಬೂಟು ಜೋಡಿಸಿ ನಿಂತವನು ಮನುಷ್ಯನಾಗಿ ಉಳಿಯುತ್ತಿರಲಿಲ್ಲ, ಗೆರೆಯದೇ ಒಂದು ತುಂಡಾಗುತ್ತಿದ್ದ. ಇಂದಿಗೂ ಎಲ್ಲಾದರೂ ಸುಣ್ಣ ಕಲಸುವ ವಾಸನೆ ಬಂದರೆ ನನ್ನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಳ್ಳುತ್ತವೆ.

ಆ ಊರಿನಲ್ಲಿ ಎರಡು ಸೈನಿಕ ಕಾಲೇಜುಗಳಿದ್ದವು. ಗುಡ್ಡದ ಮೇಲೆ ನಮ್ಮದು, ಭೂಸೇನೆಯದು. ಕೆಳಗೆ ಬಂದರಿನ ಪಕ್ಕದಲ್ಲಿ ನೌಕಾಸೇನೆಯದು. ವರ್ಷಕ್ಕೊಮ್ಮೆ ಫುಟ್‌ಬಾಲ್ ಪಂದ್ಯ. ಒಂದೇ ನೆಲದ ಅನ್ನ ತಿಂದು ಆ ನೆಲಕ್ಕಾಗಿಯೇ ಸಾಯಲು ತಯಾರಾಗುತ್ತಿದ್ದ ನಾವು ಆ ದಿನ ಮಾತ್ರ ಬದ್ಧವೈರಿಗಳು. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಸೋತವರ ಗ್ಯಾಲರಿಯ ಎದುರು, ಗೆರೆಯ ಮೇಲೆ ಸಾವಧಾನ್‌ನಲ್ಲಿ ಕೂದಲೂ ಕದಲದಂತೆ ನಿಂತು, ಸೋತ ಕಾಲೇಜಿನ ಹಾಡನ್ನು ಐದೂ ಚರಣ ಹಾಡಬೇಕೆಂಬುದು ಪದ್ಧತಿ. ಸೋತವರಿಗೂ ಗೌರವ ಕೊಡುವ ಸಂಪ್ರದಾಯವೆಂದು ಪತ್ರಿಕೆಗಳು ಹೊಗಳುತ್ತಿದ್ದವು. ಹಾಡಿನ ನಡುವೆ ಮೂಗು ಒರೆಸಿಕೊಂಡವನನ್ನು ಅದೇ ಸಂಜೆ ಟ್ರಂಕಿನ ಸಮೇತ ಗೇಟಿನಾಚೆ ದಬ್ಬಿದ್ದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ.

ನಾನು ಗೋಲ್‌ಕೀಪರ್. ನನ್ನ ಮುಂದೆ ಡಿಫೆಂಡರ್ ತಿಪ್ಪೇಶ. ಬ್ಯಾರಕ್ಕಿನಲ್ಲಿ ಅವನದು ನನ್ನ ಪಕ್ಕದ ಮಂಚ. ಅವನಪ್ಪ ಕ್ವಾರಿಯಲ್ಲಿ ಕಲ್ಲು ಒಡೆಯುವವರು. ಸ್ನಾನದ ತೊಟ್ಟಿಯ ಹತ್ತಿರ ನಿಂತಾಗಲೆಲ್ಲ ತಿಪ್ಪೇಶ ನನ್ನನ್ನು ಕೆಣಕುತ್ತಿದ್ದ:

"ಲೇ, ಒಂದ್ಸಲ ಕಮಾಂಡರ್ ಸಾಹೇಬ್ರ ದನಿ ಮಾಡಲೇ. ಮೈ ಕೈ ನೋವೆಲ್ಲ ಹೋಗುತ್ತೆ."

ನಾನು ನಮ್ಮ ಕಾಲೇಜಿನ ಕಮಾಂಡರರದೇ ದನಿಯಲ್ಲಿ "ಸಾವಧಾನ್!" ಎಂದರೆ, ಕಣ್ಣಲ್ಲಿ ಸೋಪಿನ ನೊರೆ ತುಂಬಿಕೊಂಡವರೆಲ್ಲ ಬರಿಮೈಯಲ್ಲೇ ಸೆಟೆದು ನಿಲ್ಲುತ್ತಿದ್ದರು. ತಿಪ್ಪೇಶ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆ ವರ್ಷದ ಪಂದ್ಯದ ಉತ್ತರಾರ್ಧದಲ್ಲಿ ಎತ್ತರಕ್ಕೆ ಬಂದ ಚೆಂಡೊಂದಕ್ಕೆ ತಿಪ್ಪೇಶ ಹಾರಿದ. ನೌಕಾ ತಂಡದ ಖಾರ್ವಿಯೂ ಹಾರಿದ. ತಲೆಗೆ ತಲೆ ಬಡಿದ ಸದ್ದು ಗೋಲಿನಲ್ಲಿದ್ದ ನನಗೂ ಕೇಳಿಸಿತು. ಇಬ್ಬರೂ ಬಿದ್ದು ಇಬ್ಬರೂ ಎದ್ದರು. ಜನ ಚಪ್ಪಾಳೆ ತಟ್ಟಿದರು. ತಿಪ್ಪೇಶ ನನ್ನ ಬಳಿಗೆ ಬಂದು ಗೋಲ್‌ಕಂಬ ಹಿಡಿದು ವಾಂತಿ ಮಾಡಿದ. ಆಮೇಲೆ ಮಗುವಿನ ಹಾಗೆ ನನ್ನ ಮುಖ ನೋಡಿದ.

"ನಾವು ಯಾವ ಕಡೆಗೆ ಹೊಡೀಬೇಕಲೇ?"

ಓಡಿಹೋಗಿ ನಮ್ಮ ತಂಡದ ಕ್ಯಾಪ್ಟನ್ ದೇಸಾಯಿಗೆ ಹೇಳಿದೆ. ಅವನು ಜಹಗೀರಿನ ಮನೆಯವನು. ಮನೆಯ ಗೋಡೆಯ ತುಂಬ ಕತ್ತಿಗಳಿವೆಯಂತೆ.

"ತಿಪ್ಪೇಶಂಗೆ ಹುಷಾರಿಲ್ಲ ಕ್ಯಾಪ್ಟನ್. ಹೊರಗೆ ಕಳಿಸಿ."

"ಹುಟ್ಟಿದಾಗಿಂದ ಕಲ್ಲ ಹೊತ್ತ ತಲಿ ಅದು, ಇಷ್ಟಕ್ಕ ಒಡೀತದೇನು? ಹೊಳ್ಳಿ ನೋಡಬ್ಯಾಡ. ಹೋಗಿ ಗೋಲ್ ಕಾಯಿ."

ಕಾದೆ. ಚೆಂಡಿಗಿಂತ ಹೆಚ್ಚಾಗಿ ತಿಪ್ಪೇಶನನ್ನೇ ನೋಡುತ್ತಾ ಕಾದೆ. ಒಂದು ಗೋಲಿನಿಂದ ಸೋತೆವು.

ಬ್ಯಾಂಡು ನಮ್ಮ ಹಾಡಿನ ಮೊದಲ ಸ್ವರ ನುಡಿಸಿತು. ಸುಣ್ಣದ ಗೆರೆಯ ಮೇಲೆ ನಮ್ಮ ತಂಡ. ಎದುರುಬದುರಾಗಿ ಇನ್ನೊಂದು ಗೆರೆಯ ಮೇಲೆ ಅವರ ತಂಡ. ತಿಪ್ಪೇಶ ನನ್ನ ಬಲಕ್ಕೆ ನಿಂತಿದ್ದ. ಎರಡನೆಯ ಚರಣಕ್ಕೆ ಅವನ ಭುಜ ನನ್ನ ಭುಜಕ್ಕೆ ತಾಗಿತು. ಮರುಕ್ಷಣ ತಾಗಲಿಲ್ಲ. ಮುಖ ಅಡಿಯಾಗಿ ಗೆರೆಯ ಮೇಲೆಯೇ ಬಿದ್ದ. ಕೆನ್ನೆಗೆ ಸುಣ್ಣ ಮೆತ್ತಿಕೊಂಡಿತು. ಕಿವಿಯಿಂದ ನೀರಿನಂತೆ ತೆಳ್ಳಗಿನ ರಕ್ತ ಹರಿದು ಆ ಬಿಳುಪಿನಲ್ಲಿ ಇಂಗತೊಡಗಿತು.

ಯಾರೂ ಕದಲಲಿಲ್ಲ. ಇಡೀ ಗ್ಯಾಲರಿ ಸಾವಧಾನ್‌ನಲ್ಲಿ ನಿಂತು ಹಾಡುತ್ತಿತ್ತು, "ಜೊತೆಗಾರನ ಕೈಯ ಬಿಡೆವು, ಜೀವ ಹೋದರೂ ಬಿಡೆವು" ಎಂದು. ನಾನೂ ಹಾಡುತ್ತಿದ್ದೆ! ಬಾಗಬೇಕೆಂದು ಮನಸ್ಸು ಕಿರುಚುತ್ತಿತ್ತು, ಮೊಣಕಾಲು ಕೇಳಲಿಲ್ಲ. ಅವು ನನ್ನ ಕಾಲುಗಳೇ ಅಲ್ಲವೆನ್ನಿಸಿತು. ಹೊಡೆದು, ಓಡಿಸಿ, ಬಿಸಿಲಲ್ಲಿ ನಿಲ್ಲಿಸಿ ನನ್ನ ಕಾಲುಗಳನ್ನು ಅವರು ತಮ್ಮದಾಗಿಸಿಕೊಂಡಿದ್ದರು. ಎದುರುಗೆರೆಯಲ್ಲಿ ಖಾರ್ವಿಯ ಗಲ್ಲ ನಡುಗುತ್ತಿತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು. ಅವನ ಕೈಗಳೂ ತೊಡೆಗೆ ಅಂಟಿಕೊಂಡೇ ಇದ್ದವು. ತಿಪ್ಪೇಶನ ಬೆರಳುಗಳು ಹುಲ್ಲನ್ನು ಕೆರೆದವು. ಆಮೇಲೆ ಕೆರೆಯುವುದೂ ನಿಂತಿತು. ಇನ್ನೂ ಎರಡು ಚರಣ ಬಾಕಿ ಇದ್ದವು.

ಭಯಕ್ಕೆ ಸೆಟೆದ ನನ್ನ ಮೈಯಲ್ಲಿ ಸಡಿಲವಾಗಿದ್ದದ್ದು ಗಂಟಲೊಂದೇ. ಮೂರನೆಯ ಚರಣ ಮುಗಿದು ಬ್ಯಾಂಡಿನವರು ಉಸಿರೆಳೆದುಕೊಳ್ಳುವ ಸಂದಿನಲ್ಲಿ, ಅದು ನನ್ನನ್ನು ಕೇಳದೆಯೇ ತೆರೆದುಕೊಂಡಿತು:

"ಪರೇಡ್... ವಿಶ್ರಾಮ್!"

ಕಮಾಂಡರರ ದನಿ. ಸಾವಿರ ಬೂಟುಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಗ್ಯಾಲರಿ ವಿಶ್ರಾಮಕ್ಕೆ ಬಂತು, ಬ್ಯಾಂಡು ಬಂತು, ದೇಸಾಯಿಯೂ ಬಂದ. ಸಾಯುತ್ತಿದ್ದವನಿಗಾಗಿ ಅಲುಗದವರು ಆಜ್ಞೆಗೆ ಅಲುಗಿದರು. ಆಜ್ಞೆ ಯಾರದೆಂದು ಒಬ್ಬನೂ ತಿರುಗಿ ನೋಡಲಿಲ್ಲ. ಬಿಗಿ ಕಳಚಿದ್ದೇ ತಡ, ನಾನು ಮಂಡಿಯೂರುವಷ್ಟರಲ್ಲಿ ಖಾರ್ವಿ ಓಡಿಬಂದು ತಿಪ್ಪೇಶನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಇಬ್ಬರೂ ಎತ್ತಿಕೊಂಡು ಮೈದಾನದ ಅಂಚಿನಲ್ಲಿ ನಿಂತಿದ್ದ ಆಂಬುಲೆನ್ಸಿಗೆ ಓಡಿದೆವು. ಖಾರ್ವಿ ಒಳಗೆ ಹತ್ತಿದ. ನನ್ನ ಕುತ್ತಿಗೆಪಟ್ಟಿಯನ್ನು ಹಿಂದಿನಿಂದ ಯಾರೋ ಹಿಡಿದರು.

ನನ್ನನ್ನು ಕಮಾಂಡರರ ಕೋಣೆಗೆ ತಂದು ನಿಲ್ಲಿಸಿದರು.

"ಯಾರ ದನಿ ಅದು?"

"ನನ್ನದು ಸಾರ್."

"ಅಲ್ಲ. ಅದು ನನ್ನ ದನಿ. ನೀನು ಕದ್ದದ್ದು." ಅವರು ಕೂಗಾಡಲಿಲ್ಲ, ಅದಕ್ಕೇ ಹೆಚ್ಚು ಹೆದರಿದೆ. "ಹಾಡು ಮುಗಿದ ಕೂಡಲೇ ಸ್ಟ್ರೆಚರ್ ಬರುತ್ತಿತ್ತು. ಅದಕ್ಕೊಂದು ಕ್ರಮವಿದೆ."

"ಅಲ್ಲೀವರೆಗೆ ಅವನು ಇರ್ತಿದ್ನಾ ಸಾರ್?"

ಅವರು ಬಾಗಿಲು ತೋರಿಸಿದರು. ಸಂಜೆಯೊಳಗೆ ನಾನು ಟ್ರಂಕಿನ ಸಮೇತ ಗೇಟಿನಾಚೆ ಇದ್ದೆ.

ನೇರ ಊರಿನ ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲು ದೂಡಲು ಕೈ ಬರಲಿಲ್ಲ. ಒಳಗೆ ಬಿಳಿ ಬಟ್ಟೆ ಹೊದಿಸಿದ ಮಂಚವಿದ್ದರೆ? ಹೊರಗೆ ಬಂದ ನರ್ಸಮ್ಮ ನನ್ನ ಮುಖ ನೋಡಿ ತಾವೇ ಹೇಳಿದರು:

"ಹೋಗಪ್ಪಾ, ಇದ್ದಾನೆ. ತಲೇಲಿ ಕಟ್ಟಿದ್ದ ರಕ್ತ ತೆಗೆದಿದಾರೆ. ಇನ್ನೊಂಚೂರು ತಡ ಆಗಿದ್ರೆ ಡಾಕ್ಟ್ರು ಏನೂ ಮಾಡೋಕಾಗ್ತಿರ್ಲಿಲ್ಲ. ಮಲಗಿದಾನೆ, ಮಾತಾಡಿಸ್ಬೇಡ."

ಮಂಚದ ಪಕ್ಕದ ಸ್ಟೂಲಿನ ಮೇಲೆ ಖಾರ್ವಿ ಇನ್ನೂ ಮಣ್ಣು ಮೆತ್ತಿದ ನೀಲಿ ಜೆರ್ಸಿಯಲ್ಲೇ ಕುಳಿತಿದ್ದ. ಹಣೆ ಬಾತುಕೊಂಡಿತ್ತು. ಕೆಳಗೆ ಬಂದರಿನ ಕಡೆಯಿಂದ ಸಂಜೆಯ ಹಾಜರಿಯ ಕಹಳೆ ಕೇಳಿಸಿತು.

"ನಮ್ಮಲ್ಲ್ ಹಾಜರಿ ಕರೀತಿದ್ರ್," ಎಂದ ಪಿಸುದನಿಯಲ್ಲಿ. "ತಪ್ಪಿದ್ರೆ ನನ್ನೂ ಮನಿಗೆ ಕಳ್ಸ್ತ್ರ್. ಹೆದ್ರಿಕಿ ಆತ್ತ್ ಮಾರಾಯ."

"ನೀನು ಹೊರಡು. ನಾನಿದ್ದೀನಲ್ಲ."

ಅವನು ಏಳಲಿಲ್ಲ. ಕಣ್ಣಿನಲ್ಲೇ ಕೆಳಗೆ ತೋರಿಸಿದ. ನಿದ್ದೆಯಲ್ಲಿದ್ದ ತಿಪ್ಪೇಶನ ಬೆರಳುಗಳು ಆ ನೀಲಿ ಜೆರ್ಸಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಕಹಳೆ ಎರಡನೆಯ ಸಲ ಮೊಳಗಿತು. ಖಾರ್ವಿ ತುಟಿ ಕಚ್ಚಿಕೊಂಡು, ಆ ಬೆರಳುಗಳಿಗೆ ಎಳೆತ ತಾಗದಂತೆ, ಸ್ಟೂಲನ್ನು ಮಂಚದ ಹತ್ತಿರಕ್ಕೆ ಸರಿಸಿಕೊಂಡ.