ಹಾರಕ್ಕೊಂದು ದೃಷ್ಟಿಬೊಟ್ಟು

ಸ್ಕ್ಯಾನರ್ ಕೂಗಲೇ ಇಲ್ಲ. ಅಮೀರುನ್ನೀಸಾ ಎಷ್ಟು ಸಲ ಒತ್ತಿದರೂ ಅದರ ಕೆಂಪು ಬೆಳಕು ಲೇಬಲ್ಲಿನ ಮೇಲೆ ಬಿದ್ದು ಸುಮ್ಮನಾಯಿತು. ದಾಸಮ್ಮ ಹತ್ತಿರ ಸರಿದು ಬಗ್ಗಿ ನೋಡಿದಳು.

ಪಕ್ಕದಲ್ಲಿ ರೇಷ್ಮೆಗೂಡಿನ ಮದುವೆ ಹಾರಗಳ ರಾಶಿಯಿತ್ತು. ಕೈಲಾಂಚದ ದಾಸಮ್ಮ ಹುಳ ಮೇಯಿಸಿ, ಬಿಸಿನೀರಿನ ಬಾಣಲೆಯಲ್ಲಿ ನೂಲು ತೆಗೆಯುವ ರಾಮನಗರದ ಅಮೀರುನ್ನೀಸಾ ನೂಲು ಬಾರದ ಗೂಡುಗಳನ್ನು ಆರಿಸಿ, ಅವರ ಮಹಿಳಾ ಸಂಘದ ಹೆಂಗಸರೆಲ್ಲ ಕೂತು ಪೋಣಿಸಿದ ಹಾರಗಳು. ಗೂಡಿಗೆ ಎಂದೂ ಕಾಣದ ಬೆಲೆ ಬಂದ ವರ್ಷದಲ್ಲೂ ಇವರಿಗೆ ಸಿಕ್ಕಿದ್ದು ಬಿಸಿನೀರಲ್ಲಿ ಬೆಂದ ಬೆರಳು; ಹಾರದ ಮೇಲೆ ಮೆರೆದದ್ದು ದಲ್ಲಾಳಿಯ ಹೆಸರು. ಒಂದು ಹುಳಕ್ಕೂ ಸೊಪ್ಪು ಹಾಕದವನು ಒಡೆಯ! ಈಗ ಬೆಂಗಳೂರಿನ ದೊಡ್ಡ ಅಂಗಡಿಯೊಂದು ಸಂಘದ ಹೆಸರಲ್ಲೇ ಕೊಳ್ಳಲು ಒಪ್ಪಿತ್ತು, ಲೇಬಲ್ಲಿನ ಬಾರ್‌ಕೋಡನ್ನು ಸ್ಕ್ಯಾನರ್ ಓದಿದರೆ. ಅವರ ನೌಕರ ಮಧ್ಯಾಹ್ನ ಪರೀಕ್ಷೆಗೆ ಬರುವವನಿದ್ದ. ಓದದಿದ್ದರೆ ಹಾರಗಳೆಲ್ಲ ಮತ್ತೆ ದಲ್ಲಾಳಿಗೇ.

ಅಮೀರುನ್ನೀಸಾ ಮೆಡಿಕಲ್ ಸ್ಟೋರಿನಿಂದ ಎರವಲು ತಂದಿದ್ದ ಸ್ಕ್ಯಾನರನ್ನು ಸೋಪಿನ ಪೊಟ್ಟಣಕ್ಕೆ ಹಿಡಿದಳು. ಕೂಗಿತು. ಒಂದು ಗಳಿಗೆ ಲೇಬಲ್ಲನ್ನೇ ನೋಡಿ ನಕ್ಕುಬಿಟ್ಟಳು.

"ದಾಸಮ್ಮಕ್ಕಾ, ಇದ್ರ ಬೆಳಕೂ ಕೆಂಪು, ನಮ್ಮ ಗೆರೆನೂ ಕೆಂಪು. ಇದ್ರ ಕಣ್ಣಿಗೆ ಬರೀ ಬಿಳೀ ಹಾಳೆ."

"ನನ್ ಬಾಯ್ಗೆ ಮಣ್ಣಾಕ! ಮದ್ವೆ ಹಾರಕ್ಕೆ ಕಪ್ಪು ಬ್ಯಾಡ, ಕುಂಕುಮದ್ ಬಣ್ಣ ಹಾಕು ಅಂತ ಹಟ ಹಿಡ್ದೋಳು ನಾನೇ ಕಣಮ್ಮಿ."

"ಹೂಂ ಅಂದೋಳು ನಾನು. ಈಗ ಕಪ್ಪಿಗೆ ನೀವು ಹೂಂ ಅನ್ನಿ."

ಮದುವೆಗೆ ಕಪ್ಪು ಅಪಶಕುನ ಅನ್ನುವ ಸಂಘದ ಬೈರಮ್ಮ ಕಂಡರೆ ಹಾರ ಮುಟ್ಟುವಳೇ? ದಾಸಮ್ಮ ಹಾರವೊಂದನ್ನು ಕೈಗೆತ್ತಿಕೊಂಡಳು. ಆಮೇಲೆ ಅಂದಳು: "ಮದ್ವೆ ಹೆಣ್ಣಿನ ಕೆನ್ನೆಗೆ ದೃಷ್ಟಿಬೊಟ್ಟು ಇಕ್ಕಾಕಿಲ್ವಾ? ಹಾರಕ್ಕೂ ಒಂದಿಕ್ಕು. ಕರ್ರಗಿಕ್ಕು!"

ಗೆರೆಗಳನ್ನು ಕಪ್ಪಾಗಿಸಲು ಅಮೀರುನ್ನೀಸಾ ಕಂಪ್ಯೂಟರಿನ ಮುಂದೆ ಕೂತಳು. ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನ ನರಸಯ್ಯ ಫೋನಿನಲ್ಲಿ, "ಫೋಟೋ ತೆಗ್ದು ವಾಟ್ಸಾಪಿಗೆ ಹಾಕಮ್ಮ, ಹೊಡ್ದುಕೊಡ್ತೀನಿ" ಅಂದ.

"ಬೇಡಣ್ಣ, ವಾಟ್ಸಾಪು ಚಿತ್ರನ ಹಿಂಡಿ ಹಿಪ್ಪೆ ಮಾಡ್ತದೆ. ಹಾರದ ಚಿತ್ರಕ್ಕೆ ಜೆಪಿಜಿ ಸಾಕು. ಅದೇ ಗೆರೆಗಾದ್ರೆ ಅಂಚೆಲ್ಲ ಕದಡೋಗ್ತದೆ. ಗೆರೆಗಳು ಗೆರೆಗಳಾಗೇ ಉಳಿಯೋ ಪಿಡಿಎಫ್ ಮಾಡಿ ಪೆನ್‌ಡ್ರೈವಲ್ಲಿ ತರ್ತೀನಿ. ಗೆರೆಯ ಎರಡೂ ಬದಿ ಬಿಳೀ ಜಾಗ ಕತ್ತರಿಸ್ಬೇಡಿ, ಅದಿಲ್ದೆ ಸ್ಕ್ಯಾನರ್ ಓದಲ್ಲ."

"ನನ್ ಪ್ರೆಸ್ಸೂ ನೀನೇ ನಡೆಸ್ಬುಡಮ್ಮ!"

ದಾಸಮ್ಮ ಅವಳ ಬೆರಳುಗಳನ್ನೇ ನೋಡುತ್ತಿದ್ದಳು. ಕುದಿವ ಬಾಣಲೆಯಲ್ಲಿ ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕಿ ಸುಕ್ಕುಗಟ್ಟಿದ ಬೆರಳುಗಳವು. ಈ ಬೆರಳುಗಳ ದುಡಿಮೆಯ ಮೇಲೆ ತನ್ನ ಹೆಸರು ಅಂಟಿಸುವ ಧೈರ್ಯ ಆ ದಲ್ಲಾಳಿಗೆ ಬಂದದ್ದಾದರೂ ಎಲ್ಲಿಂದ?

ಅಂಗಡಿಯ ನೌಕರ ಬಂದಾಗ ಹೊಸ ಲೇಬಲ್ಲಿನ ಅಂಟು ಇನ್ನೂ ಹಸಿಯಾಗಿತ್ತು. ಅವನು ತನ್ನ ಸ್ಕ್ಯಾನರ್ ಹಿಡಿದ. ಕೂಗಿತು. ಕೈಯಲ್ಲಿದ್ದ ಪರದೆಯ ಮೇಲೆ ಸಂಘದ ಹೆಸರು ಮೂಡಿತು.

"ಇನ್ನೊಂದ್ಸಲ ಕೂಗ್ಸಪ್ಪ," ಅಂದಳು ದಾಸಮ್ಮ.

ಅವನು ನಗುತ್ತ ಕೂಗಿಸಿದ. ದಾಸಮ್ಮ ಹಾರಗಳಿಗೆ ಅಂಟಿಸಲೆಂದು ದಲ್ಲಾಳಿ ಹಿಂದೆ ಕೊಟ್ಟು, ಮೂಲೆಯಲ್ಲಿ ಬಿದ್ದಿದ್ದ ಅವನ ಹೆಸರಿನ ಲೇಬಲ್ ಕಟ್ಟನ್ನು ಎತ್ತಿ ಬಾಣಲೆಯ ಕೆಳಗಿನ ಉರಿಗೆ ತಳ್ಳಿದಳು.

"ನೀರು ಒಸಿ ಬಿಸಿಯಾಗ್ಲಿ."